ಸೈನಿಕ ದೈಹಿಕ ಪರೀಕ್ಷೆಗಳ ತುಲನೆ: ಮರಳು ಮೂಟೆಯ ಹಂತ

ಬೇರೆ ಬೇರೆ ಸೇನೆಗಳ ದೈಹಿಕ ಸಾಮರ್ಥ್ಯ ಪರೀಕ್ಷೆಗಳನ್ನು ಸ್ವತಃ ಮಾಡಿ ನೋಡಿ, ಅವುಗಳ ಒಂದೊಂದು ಅಂಗವೂ ಸೈನಿಕನ ಯಾವ ಕೆಲಸವನ್ನು ಅಳೆಯುತ್ತದೆ ಎಂದು ದಾಖಲಿಸುವ ನನ್ನ ಹವ್ಯಾಸಿ ಯೋಜನೆಯು ಓಟ ಮತ್ತು ಪುಷ್‌ಅಪ್‌ಗಳನ್ನು ದಾಟಿ, ಈಗ ಭಾರ ಎತ್ತುವ ಹಾಗೂ ಎಳೆಯುವ ಘಟ್ಟಕ್ಕೆ ಬಂದಿದೆ.

ಹಿಂದಿನ ಘಟ್ಟಕ್ಕೆ ನಾನು ಆರಿಸಿಕೊಂಡಿದ್ದುದು ಅಮೆರಿಕದ ಭೂಸೇನೆಯು 1980ರಲ್ಲಿ ಜಾರಿಗೆ ತಂದು ದಶಕಗಳ ಕಾಲ ಬಳಸಿದ ಪರೀಕ್ಷೆ: 2 ನಿಮಿಷ ಪುಷ್‌ಅಪ್, 2 ನಿಮಿಷ ಸಿಟ್‌ಅಪ್, 2 ಮೈಲಿ ಓಟ. ಇದಕ್ಕೆ ಸಲಕರಣೆ ಬೇಕಿಲ್ಲ, ಸಾವಿರಾರು ಜನರನ್ನು ಬೇಗ ಪರೀಕ್ಷಿಸಬಹುದು. ಆದರೆ ಇಲ್ಲಿ ಎತ್ತುವ ಭಾರವೆಲ್ಲ ಅವರವರ ಮೈತೂಕವೇ ಆದ್ದರಿಂದ ಹಗುರ ಮೈಕಟ್ಟಿನವರಿಗೆ ಅಂಕ ಸುಲಭವಾಗಿ ಸಿಗುತ್ತದೆ. ಕರ್ತವ್ಯದಲ್ಲಿ ಹೊರುವ ಭಾರವಾದರೋ ಹೊರುವವನ ತೂಕವನ್ನು ಕೇಳಿ ಬರುವುದಿಲ್ಲ, 30 ಕೆ.ಜಿ. ಹೊರೆಯು 60 ಕೆ.ಜಿ. ತೂಗುವವನಿಗೆ ಮೈತೂಕದ ಅರ್ಧ, 90 ಕೆ.ಜಿ. ತೂಗುವವನಿಗೆ ಮೂರನೆಯ ಒಂದು ಪಾಲು. ನನ್ನ ತುಲನೆಯಲ್ಲಿ ಈವರೆಗೆ ಕಂಡ ದೊಡ್ಡ ಬಿರುಕು ಇದೇ.

ಕೆನಡಾದ ಸೇನೆಯ 'ಫೋರ್ಸ್' ಪರೀಕ್ಷೆಯು ಈ ಬಿರುಕನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಮರಳು ಮೂಟೆಗಳಿಂದ ರಕ್ಷಣಾಗೋಡೆ ಕಟ್ಟುವುದು, ಸ್ಟ್ರೆಚರ್ ಹೊರುವುದು, ವಾಹನದೊಳಗಿಂದ ಗಾಯಾಳುವನ್ನು ಹೊರತೆಗೆಯುವುದು ಮುಂತಾದ 6 ಸಾಮಾನ್ಯ ಕೆಲಸಗಳನ್ನು ಮೊದಲು ಗುರುತಿಸಿ, ಅವನ್ನು ಊಹಿಸಬಲ್ಲ 4 ಅಂಗಗಳನ್ನು ಆಮೇಲೆ ರೂಪಿಸಲಾಗಿದೆ. ಕನಿಷ್ಠ ಮಟ್ಟವು ವಯಸ್ಸು, ಲಿಂಗಗಳ ಭೇದವಿಲ್ಲದೆ ಎಲ್ಲರಿಗೂ ಒಂದೇ. ಅದರಲ್ಲಿ 20 ಕೆ.ಜಿ. ಮರಳು ಮೂಟೆಯನ್ನು 3 ನಿಮಿಷ 30 ಸೆಕೆಂಡುಗಳೊಳಗೆ 30 ಸಲ ಎತ್ತಬೇಕು. ಬಾರ್‌ಬೆಲ್‌ನಲ್ಲಿ 20 ಕೆ.ಜಿ. ಎಂದರೆ ನಗುವಷ್ಟು ಹಗುರ. ಮೂಟೆಯಲ್ಲಿ ಮಾತ್ರ ಮರಳು ಒಂದು ಮೂಲೆಗೆ ಜಾರಿ, ಬಟ್ಟೆ ಬೆರಳುಗಳಿಂದ ನುಣುಚಿ, ಪ್ರತಿ ಸಲವೂ ಹಿಡಿತವನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಬೆನ್ನಿಗಿಂತ ಮೊದಲು ಮುಂಗೈ ಸೋಲುತ್ತದೆ. ಪುಷ್‌ಅಪ್‌ನ ಅಂಕದಿಂದ ಇದನ್ನು ಊಹಿಸುವುದು ನನಗೆ ಸಾಧ್ಯವೆನಿಸಲಿಲ್ಲ.

ಅಮೆರಿಕದ ನಂತರದ ಪರೀಕ್ಷೆಯಲ್ಲಿರುವ ಓಟ, ಎಳೆತ, ಸಾಗಣೆಗಳ ಅಂಗಕ್ಕಾಗಿ ಹಲಗೆಗೆ ಪಟ್ಟಿ ಕಟ್ಟಿ ಸ್ಲೆಡ್ ಮಾಡಿಕೊಂಡಿದ್ದೇನೆ. ನಿಯಮದಂತೆ ಅದರ ಮೇಲೆ 90 ಪೌಂಡ್ ಹೇರಿದರೂ ಒಣ ಹುಲ್ಲು, ಒದ್ದೆ ಹುಲ್ಲು, ಗಟ್ಟಿ ನೆಲಗಳ ಮೇಲೆ ಘರ್ಷಣೆ ಬದಲಾಗಿ ಎಳೆತದ ಶ್ರಮವೂ ಬದಲಾಗುತ್ತದೆ. ಪರೀಕ್ಷೆಯನ್ನು ಕೆಲಸಕ್ಕೆ ಹತ್ತಿರ ತಂದಷ್ಟೂ ಅದನ್ನು ಎಲ್ಲೆಡೆ ಒಂದೇ ರೀತಿ ನಡೆಸುವುದು ಕಷ್ಟವಾಗುತ್ತದೆ, ಮತ್ತು ಬಡ್ತಿಗೆ ಅಂಕ ಲೆಕ್ಕಕ್ಕೆ ಬರುವ ಕಡೆ ಇದು ಸಣ್ಣ ವಿಷಯವಲ್ಲ.

ಉಗ್ರಾಣದ ಲೆಕ್ಕ ಬರೆಯುವವನಿಗೂ ಪದಾತಿ ಸೈನಿಕನಿಗೂ ಒಂದೇ ಮಟ್ಟ ಇರಬೇಕೇ ಎಂಬುದು ಬೇರೆಯೇ ಪ್ರಶ್ನೆ. ಅಮೆರಿಕದ ಭೂಸೇನೆ 2025ರಲ್ಲಿ ಪರೀಕ್ಷೆಯನ್ನು 5 ಅಂಗಗಳಿಗೆ ಇಳಿಸಿ, 21 ಯುದ್ಧ ವಿಭಾಗಗಳಿಗೆ 500ಕ್ಕೆ 350 ಅಂಕ, ಉಳಿದವರಿಗೆ 300 ಎಂದು ನಿಗದಿಪಡಿಸಿತು. ವಿಂಗಡಣೆ ಸರಿಯಾಗಿಯೇ ಇದೆ. ಆದರೆ ಇಬ್ಬರೂ ಮಾಡುವ ಅಂಗಗಳು ಅವೇ ಆಗಿರುವುದರಿಂದ, ಕೆಲಸದ ಭೇದವನ್ನು ಅಂಕವೊಂದೇ ಹೊರಬೇಕಾಗಿದೆ.

ಮುಂದಿನ ಹಂತಕ್ಕೆ ಬ್ರಿಟಿಷ್ ಸೇನೆಯ ಹೊರೆ ನಡಿಗೆಯನ್ನು ಇಟ್ಟುಕೊಂಡಿದ್ದೇನೆ. ನಡಿಗೆ ಮುಗಿದ ಕೂಡಲೇ, ದಣಿದ ಮೈಯಲ್ಲೇ ಮರಳು ಮೂಟೆ ಎತ್ತಿ, ಈಗಿನ ಸಮಯದೊಡನೆ ಹೋಲಿಸುವುದು ನನ್ನ ಉದ್ದೇಶ.