ಮೆದಕ್ ಚರ್ಚಿನಲ್ಲಿ ಅವ್ವ ಕೇಳಿದ ಪ್ರಶ್ನೆ

ಕ್ರಿಸ್‌ಮಸ್ ಹಿಂದಿನ ರಾತ್ರಿ ಊಟ ಮುಗಿಸಿ ರಾಯಚೂರು ಬಿಟ್ಟೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಅವ್ವ. ಬಾಡಿಗೆ ಕಾರು. ಓಡಿಸುವವನು ನಮ್ಮ ಓಣಿಯ ಹುಡುಗ, ಕ್ರಿಶ್ಚಿಯನ್. "ಅಣ್ಣಾ, ಒಂದ್ಸಲ ಮೆದಕ್ ಚರ್ಚ್ ನೋಡ್ರಿ, ಆಮ್ಯಾಲೆ ಮಾತಾಡ್ರಿ" ಎಂದು ಮೂರು ವರ್ಷದಿಂದ ಬೆನ್ನು ಹತ್ತಿದ್ದ. ನಾವು ಕ್ರಿಶ್ಚಿಯನ್ನರಲ್ಲ. ಅದಕ್ಕೇನಂತೆ, ಅವನೂ ನಮ್ಮೂರ ಉರುಸು, ಜಾತ್ರೆ ಒಂದೂ ಬಿಡುವವನಲ್ಲ.

ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಮಖ್ತಲ್, ಮಹಬೂಬ್‌ನಗರ, ಹೈದರಾಬಾದಿನ ರಿಂಗ್ ರೋಡ್. ಸುಮಾರು 300 ಕಿಲೋಮೀಟರ್ ದಾರಿಯಲ್ಲಿ ಮುಕ್ಕಾಲು ಪಾಲು ನಾನು ನಿದ್ದೆಯಲ್ಲಿದ್ದೆ, ಬರೆಯಲು ಏನೂ ಇಲ್ಲ. ನರಸಾಪುರದ ಕಾಡಿನ ಹತ್ತಿರ ಅವ್ವ ಗ್ಲಾಸ್ ಇಳಿಸಿ ಚಳಿ ಒಳಗೆ ಬಿಟ್ಟಾಗ ಎಲ್ಲರಿಗೂ ಎಚ್ಚರವಾಯಿತು.

ಮೆದಕ್ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಆ ಹೊತ್ತಿಗೇ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ದೂರದಲ್ಲೆಲ್ಲೋ ಬಿಟ್ಟು, ಮಲಗಿದ್ದ ಚಿಕ್ಕವಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೆವು. ಬಯಲಲ್ಲಿ ಜನ ಕಂಬಳಿ ಹೊದ್ದು ಮಲಗಿದ್ದರು, ಕೆಲವರು ಒಲೆ ಹಚ್ಚಿ ಚಹಾ ಕಾಸುತ್ತಿದ್ದರು. ಸುಮ್ನೆ ಹೇಳುತ್ತಿಲ್ಲ, ಥೇಟ್ ನಮ್ಮ ಜಾತ್ರೆಯೇ. ಅದರ ನಡುವೆ ದೀಪ ಹಾಕಿಕೊಂಡ ಗೋಪುರ. 175 ಅಡಿ. ಚಾರ್ಮಿನಾರ್‌ಗಿಂತ ಎತ್ತರ ಆಗುತ್ತದೆ ಅಂತ ನಿಜಾಮನ ಕಡೆಯವರು ತಕರಾರು ತೆಗೆದಿದ್ದರು ಎಂಬ ಕತೆಯನ್ನು ಚಹಾ ಅಂಗಡಿಯವನು ಹೇಳಿದ. ನಿಜಾಮನ ಸೀಮೆಯಲ್ಲಿ ಎತ್ತರದ ಕಟ್ಟಡಕ್ಕೆಲ್ಲ ಇಂಥದೊಂದು ಕತೆ ಇರುತ್ತದೆ. ನಾನು ನಂಬಲಿಲ್ಲ, ಆದರೆ ಕೇಳಲು ಚೆನ್ನಾಗಿತ್ತು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ನಸುಕಿನ ಪೂಜೆ ಶುರುವಾಗಿತ್ತು. ತೆಲುಗಿನಲ್ಲಿ ಹಾಡು. ರಾಯಚೂರಿನವರಿಗೆ ತೆಲುಗು ಕಷ್ಟವೇ? ಅವ್ವ ಆಗಲೇ ತುಟಿ ಆಡಿಸುತ್ತಿದ್ದಳು. ಕಟ್ಟಡ 200 ಅಡಿ ಉದ್ದ, 100 ಅಡಿ ಅಗಲ. ಸುಮಾರು 5000 ಜನ ಹಿಡಿಯುತ್ತದಂತೆ. ಅವತ್ತು ನನಗೆ ಕಾಲೂರಲು ಸಿಕ್ಕಿದ್ದು ಒಂದು ಕಂಬದ ಬುಡ ಮಾತ್ರ. ಮೇಲೆ ನೋಡಿದರೆ ಕಮಾನಿನ ಮೇಲೆ ಕಮಾನು, ಕುತ್ತಿಗೆ ನೋಯುವಷ್ಟು.

ಪೂಜೆ ಮುಗಿದ ಮೇಲೆ ಜನ ಸ್ವಲ್ಪ ಸರಿದರು. ಆಗ ಡ್ರೈವರ್ ಹುಡುಗ ಕತೆ ತೆಗೆದ. ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಇಂಗ್ಲಿಷ್ ಪಾದ್ರಿ ಕಟ್ಟಿಸಿದ್ದು. 1914ರಲ್ಲಿ ಕೆಲಸ ಶುರು, 1924ರ ಡಿಸೆಂಬರ್ 25ಕ್ಕೆ ಪ್ರತಿಷ್ಠೆ. ಆ ಹತ್ತು ವರ್ಷದಲ್ಲಿ ಮಹಾಯುದ್ಧ ಬಂತು, ಬರ ಬಂತು, ರೋಗ ಬಂತು. ಜನ ಹಸಿದಿದ್ದರು. ಸುಮ್ಮನೆ ಊಟ ಹಾಕುವ ಬದಲು ಕೆಲಸ ಕೊಟ್ಟು ಊಟ ಕೊಡುತ್ತೇನೆ ಎಂದ ಪಾಸ್ನೆಟ್. ಸುತ್ತಲಿನ ಹಳ್ಳಿಯವರು ಬಂದು ಕಲ್ಲು ಹೊತ್ತರು.

ಅಲ್ಲಿಯತನಕ ಹೂಂಗುಟ್ಟುತ್ತಿದ್ದ ಅವ್ವ ಈಗ ನೆಟ್ಟಗೆ ಕೂತಳು. "ದಿನಕ್ಕ ಎಷ್ಟು ಕೂಲಿ ಕೊಡ್ತಿದ್ರಂತ?"

ಹುಡುಗನಿಗೆ ಗೊತ್ತಿರಲಿಲ್ಲ. ಅವ್ವ ಬಿಡಲಿಲ್ಲ. ಮೇಣದ ಬತ್ತಿ ಮಾರುವವಳನ್ನು ಕೇಳಿದಳು, ಗದ್ದಲ ಸರಿಪಡಿಸುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದಳು. ಅವರು ನಕ್ಕು, "ಅನ್ನಂ ಅಮ್ಮಾ, ಅನ್ನಂ" ಎಂದರು. ಅವ್ವನಿಗೆ ಆ ಉತ್ತರ ಸಾಲಲಿಲ್ಲ. ಎಷ್ಟು ಅನ್ನ? ಒಬ್ಬರಿಗೋ, ಮನೆಗೋ?

ಯಾಕೆ ಎಂದು ನನಗೆ ಗೊತ್ತು. 1972ರ ಬರದಲ್ಲಿ ಅವ್ವನಿಗೆ ಹನ್ನೊಂದು ವರ್ಷ. ನಮ್ಮದು ಕಾಲುವೆ ನೀರು ಮುಟ್ಟದ ಊರು. ತುಂಗಭದ್ರಾ ಕಾಲುವೆ ಹರಿದ ಕಡೆ ಭತ್ತದ ಗದ್ದೆ, ಇತ್ತ ನಮ್ಮ ಕಡೆ ಒಡೆದ ಎರೆ ನೆಲ. ಅಜ್ಜಿಯ ಜೊತೆ ಬರಗಾಲದ ಕೆಲಸಕ್ಕೆ ಹೋಗಿ ರಸ್ತೆಗೆ ಜಲ್ಲಿ ಒಡೆದವಳು ಅವಳು. ಕೆಂಪು ಜೋಳದ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ ಅಂತ ಇವತ್ತಿಗೂ ಹೇಳುತ್ತಾಳೆ. ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಒಂದು ತಿರುವಿನಲ್ಲಿ "ಇದು ನಮ್ದು" ಅನ್ನುತ್ತಾಳೆ.

ಅಷ್ಟರಲ್ಲಿ ಬಿಸಿಲು ಏರಿತ್ತು. ನಾವು ಒಳಗೆ ಬಂದಾಗ ಕಿಟಕಿಗಳೆಲ್ಲ ಬರೀ ಕಪ್ಪು. ಈಗ ಒಂದೊಂದಾಗಿ ಬಣ್ಣ ಹತ್ತಿತು. ಮೂರು ದೊಡ್ಡ ಕಿಟಕಿ. ಎದುರಿಗೆ, ಬಲಿಪೀಠದ ಹಿಂದೆ, ಯೇಸು ಮೇಲಕ್ಕೆ ಏರುವುದು. ಒಂದು ಬದಿಗೆ ಹುಟ್ಟು, ಇನ್ನೊಂದು ಬದಿಗೆ ಶಿಲುಬೆ. ಲಂಡನ್ನಿನ ಫ್ರಾಂಕ್ ಸಾಲಿಸ್‌ಬರಿ ಎಂಬ ಕಲಾವಿದ ಮಾಡಿದ್ದು. ಬಣ್ಣ ಬಳಿದ ಚಿತ್ರವಲ್ಲ, ಗಾಜಿನ ಚೂರುಗಳನ್ನು ಜೋಡಿಸಿದ್ದು. ಹೊರಗಿನ ಬೆಳಕೇ ಅದಕ್ಕೆ ಜೀವ, ಸಂಜೆಯಾದರೆ ಚಿತ್ರ ಮುಗಿಯಿತು. ಸಂಜೆ ಬಂದು ಸೆಲ್ಫಿ ತೆಗೆದು ಹೋಗುವವರು ಏನನ್ನು ನೋಡಿ ಹೋಗುತ್ತಾರೋ. ಮಕ್ಕಳು ಹುಟ್ಟಿನ ಕಿಟಕಿಯ ಮುಂದೆ ಕೂತು ಬಿಟ್ಟರು. ನನಗೆ ನೆಲದ ಬಣ್ಣದ ಟೈಲ್ಸ್ ಮೇಲೆ ಕಣ್ಣು. ಇಂಗ್ಲೆಂಡಿನಿಂದ ತಂದದ್ದಂತೆ, ನೂರು ವರ್ಷ ಇಷ್ಟು ಕಾಲು ತುಳಿದರೂ ಹೊಳಪು ಹೋಗಿಲ್ಲ. ಅವ್ವ ಮಾತ್ರ ಹೊರಗೆ ಹೋಗಿ ಗೋಡೆಯ ಕಲ್ಲಿನ ಸಂದುಗಳ ಮೇಲೆ ಬೆರಳಾಡಿಸುತ್ತಾ ನಿಂತಿದ್ದಳು.

ಹೊರಗೆ ಬಂದರೆ ನನ್ನ ಚಪ್ಪಲಿ ಇಲ್ಲ. ಅರ್ಧ ಗಂಟೆ ಹುಡುಕಿ, ಕೊನೆಗೆ ಜಾತ್ರೆಯ ಅಂಗಡಿಯಲ್ಲಿ ಒಂದು ಜೊತೆ ಹವಾಯಿ ಕೊಂಡೆ. ಎಡಗಾಲಿನದು ಅರ್ಧ ಸೈಜು ದೊಡ್ಡದಿತ್ತು. ಅದೇ ಅಂಗಡಿಯಲ್ಲಿ ಬುರ್ಖಾ ಹಾಕಿದ ಒಬ್ಬ ತಾಯಿ ಮಗನಿಗೆ ಸಾಂತಾ ಟೋಪಿ ಚೌಕಾಸಿ ಮಾಡುತ್ತಿದ್ದಳು. ನಮ್ಮವಳೂ ಒಂದು ಕೊಂಡಳು.

ಮಧ್ಯಾಹ್ನ ಹಾದಿಯ ಹೋಟೆಲಿನಲ್ಲಿ ಊಟ. ಮೆದಕ್ ಹೆಸರು ತೆಲುಗಿನ 'ಮೆತುಕು' ಎಂಬ ಮಾತಿನಿಂದ ಬಂದದ್ದು, ಹಿಂದೆ ಇದು ಮೆತುಕು ಸೀಮೆ ಎಂದು ಹುಡುಗ ಹೇಳಿದ. ಮೆತುಕು ಅಂದರೆ ಅನ್ನದ ಅಗುಳು. ಭತ್ತ ಜಾಸ್ತಿ ಬೆಳೆಯುವ ಸೀಮೆ ಅಂತ ಆ ಹೆಸರು.

"ಹೌದೇನೋ? ಅಗುಳಿನ ಊರಾಗೂ ಬರ ಬಿತ್ತೇನು?" ಎಂದಳು ಅವ್ವ. ಮತ್ತೆ ಸುಮ್ಮನೆ ಊಟ ಮಾಡಿದಳು.

ರಾಯಚೂರು ಮುಟ್ಟಿದಾಗ ರಾತ್ರಿಯಾಗಿತ್ತು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು, "ಹೆಂಗಿತ್ರೀ ಅಮ್ಮಾ ಚರ್ಚು?" ಎಂದು ಕೇಳಿದಳು. ಕಿಟಕಿಯ ಬಗ್ಗೆ, ಗೋಪುರದ ಬಗ್ಗೆ ಹೇಳುತ್ತಾಳೆ ಅಂತ ನಾನು ಕಾದೆ.

"ಕಲ್ಲು ಚೊಲೋ ಹೊತ್ತಾರವ್ವ" ಎಂದಳು ಅವ್ವ, ಕಾಲು ತೊಳೆಯಲು ಒಳಗೆ ಹೋದಳು.