ಸ್ಪೇನ್‌ನಲ್ಲಿ ಒಂದೇ ಒಂದು ಕಟ್ಟಡ ನೋಡೋದಾದರೆ?

ನಾವಿಬ್ಬರೂ ಸ್ಪೇನ್ ಸುತ್ತಿ ಬಂದಾಗಿನಿಂದ ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ: "ಜಾಸ್ತಿ ದಿನ ಇಲ್ಲ, ಒಂದೇ ಒಂದು ಹಳೇ ಕಟ್ಟಡ ನೋಡೋದಾದರೆ ಯಾವುದು?" ಗ್ರನಾಡಾ ಊರಿನ ಅಲ್ಹಂಬ್ರಾ ಕೋಟೆ-ಅರಮನೆ ಅಂತೀನಿ ಅಂದುಕೊಂಡೇ ಕೇಳಿರುತ್ತಾರೆ. ನಾನು ಹೇಳೋದು ಕೊರ್ದೊಬಾ ಊರಿನ ಮೆಸ್ಕೀತಾ, ಅಂದರೆ ಅಲ್ಲಿನ ಹಳೇ ಮಸೀದಿ.

ಅಲ್ಹಂಬ್ರಾ ಚೆನ್ನಾಗಿಲ್ಲ ಅಂತಲ್ಲ. ಹನ್ನೆರಡು ಸಿಂಹಗಳ ಆ ಕಾರಂಜಿ ಯಾರಿಗೆ ಇಷ್ಟ ಆಗಲ್ಲ? ಆದರೆ ಅಲ್ಲಿನ ನಸ್ರಿದ್ ಅರಮನೆಗೆ ಟಿಕೆಟ್‌ನಲ್ಲಿ ಬರೆದ ಹೊತ್ತಿಗೇ ಹೋಗಬೇಕು. ಹೆಬ್ಬಾಗಿಲಿಂದ ಅಷ್ಟು ದೂರ ನಡೀಬೇಕು ಅಂತ ಗೊತ್ತಿದ್ದರೆ ನಾವು ಎರಡನೇ ಕಾಫಿ ಕುಡಿಯುತ್ತಿರಲಿಲ್ಲ. ಓಡಿ ಹೋಗಿ, ಏದುಸಿರು ಬಿಡುತ್ತಾ ನೋಡಿದ್ದಾಯಿತು.

ಕೊರ್ದೊಬಾ ಹಾಗಲ್ಲ. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೂ ಬೇಡ. ನಾವು ಬೆಳಿಗ್ಗೆ 8.30ಕ್ಕೇ ಹೋದೆವು, ಆ ಹೊತ್ತಿನಲ್ಲಿ ಟಿಕೆಟ್ ಕೊಳ್ಳೋದೂ ಬೇಕಿರಲಿಲ್ಲ. ಒಳಗೆ ಮಬ್ಬು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಕಂಬ, ಕಂಬ, ಕಂಬ. 850ಕ್ಕೂ ಜಾಸ್ತಿ ಇವೆ. ಮೇಲೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳು, ಒಂದರ ಮೇಲೊಂದು.

ನಮ್ಮ ಮನೆಯವರು ಸಿವಿಲ್ ಇಂಜಿನಿಯರ್. "ಏನೇ, ಒಂದು ಕಂಬದ ಹಾಗೆ ಇನ್ನೊಂದಿಲ್ಲ ನೋಡು" ಅಂದರು. ನಿಜವೇ. ಒಂದು ಬೂದು, ಒಂದು ಕೆಂಪುಗಲ್ಲು, ಬೋದಿಗೆಗಳೂ ಬೇರೆ ಬೇರೆ. 785ರ ಸುಮಾರಿಗೆ ಕೊರ್ದೊಬಾದ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನ್ ಕಟ್ಟಿಸಲು ಶುರು ಮಾಡಿದಾಗ ರೋಮನ್ನರ, ಅವರ ನಂತರ ಸ್ಪೇನ್ ಆಳಿದ ವಿಸಿಗೋತರ ಹಳೇ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಿದರು. ಅವು ಗಿಡ್ಡ. ಅಷ್ಟು ವಿಶಾಲವಾದ ಹಜಾರಕ್ಕೆ ಸೂರು ತೀರಾ ಕೆಳಗಾಗುತ್ತಿತ್ತು. ಅದಕ್ಕೇ ಕಮಾನಿನ ಮೇಲೆ ಇನ್ನೊಂದು ಕಮಾನು ಏರಿಸಿ ಸೂರು ಎತ್ತಿದರು. ನಾವು ಸುಮ್ನೆ ಅಲಂಕಾರ ಅಂದುಕೊಳ್ಳೋದು ಗಿಡ್ಡ ಕಂಬಕ್ಕೆ ಹುಡುಕಿದ ಉಪಾಯ!

ಪಟ್ಟೆಗಳನ್ನೂ ಹತ್ತಿರದಿಂದ ನೋಡಿ. ಹಳೇ ಭಾಗದಲ್ಲಿ ಕೆಂಪು ಅಂದರೆ ಇಟ್ಟಿಗೆ, ಬಿಳಿ ಅಂದರೆ ಕಲ್ಲು. 10ನೇ ಶತಮಾನದ ಕೊನೆಯಲ್ಲಿ ಆಡಳಿತ ಕೈಯಲ್ಲಿಟ್ಟುಕೊಂಡಿದ್ದ ಮಂತ್ರಿ ಅಲ್ ಮನ್ಸೂರ್ ಸೇರಿಸಿದ ಭಾಗದಲ್ಲಿ ಎಲ್ಲಾ ಕಲ್ಲೇ, ಕೆಂಪು ಬರೀ ಬಣ್ಣ. "ಇಲ್ಲಿಂದ ಕಂಟ್ರಾಕ್ಟರ್ ಬೇರೆ" ಅಂದು ನಕ್ಕರು ಇವರು.

ಈ ಕಂಬಗಳ ಕಾಡಿನ ನಟ್ಟ ನಡುವೆ ಒಂದು ದೊಡ್ಡ ಚರ್ಚು ಎದ್ದು ನಿಂತಿದೆ. 1236ರಲ್ಲಿ ಊರು ಕ್ರೈಸ್ತ ದೊರೆಗಳ ಕೈಗೆ ಹೋದಾಗಲೇ ಮಸೀದಿ ಚರ್ಚಾಯಿತು. 1523ರಲ್ಲಿ ಮಧ್ಯದ ಕಂಬಗಳನ್ನು ಕಿತ್ತು ಇದನ್ನು ಕಟ್ಟಲು ಹಿಡಿದರು. ನನಗೆ ಸಿಟ್ಟೇ ಬಂತು. "ಚರ್ಚು ಅಂತ ಆಗದೇ ಇದ್ದಿದ್ದರೆ ಉಳಿದದ್ದು ಉಳೀತಿತ್ತಾ?" ಅಂತ ಇವರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ವಾದ ಮುಂದುವರಿಸೋಣ ಅಂದರೆ ಬೆಳಗಿನ ಪೂಜೆಗೆ ಹೊತ್ತಾಯಿತು ಅಂತ ಎಲ್ಲರನ್ನೂ ಹೊರಗೆ ಕಳಿಸಿದರು.

ಹೊರಗೆ ಅಂಗಳದ ತುಂಬಾ ಕಿತ್ತಳೆ ಮರ. ಕೆಳಗೆ ಬಿದ್ದಿದ್ದ ಒಂದು ಹಣ್ಣು ಸುಲಿದು ಬಾಯಿಗೆ ಹಾಕಿಕೊಂಡ ಇವರ ಮುಖ ನೋಡಬೇಕಿತ್ತು. ಕಹಿ, ಹುಳಿ ಎರಡೂ. ನಾನೂ ಒಂದು ತೊಳೆ ತಿಂದೆ. "ರೀ, ಇದು ನಮ್ಮ ಹೇರಳೆಕಾಯಿ ಥರಾನೇ ಇದೆ ಅಲ್ವಾ? ಗೊಜ್ಜು ಮಾಡಬಹುದಿತ್ತು" ಅಂದೆ.