ಒಳಗಿನಿಂದ ಮಾತ್ರ ಕಾಣುವ ಕಿಟಕಿಗಳು

ಟೂರ್ ಇದ್ದದ್ದು 11ಕ್ಕೆ, ನಾವು ತಲುಪಿದ್ದು ಹನ್ನೊಂದೂಕಾಲಿಗೆ. ತಪ್ಪು ನನ್ನದೇ. ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸ್ ಹೋಗಿದ್ದೆ. "ಗಾಜು ನೋಡೋಕೆ ಹೊರಟೋರು ಕನ್ನಡಕ ಬಿಟ್ಟು ಬರ್ತಾರಾ ಅತ್ತೆ?" ಅಂತ ಅಣ್ಣನ ಮಗಳು ರೈಲಿನಲ್ಲಿ ಕಾಡಿಸಿದ್ದೇ ಕಾಡಿಸಿದ್ದು. ಮುಂದಿನ ಟೂರಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಆಚೆ ಬದಿಯ ಫುಟ್‌ಪಾತಿನಲ್ಲಿ ಸುಮ್ನೆ ನಿಂತೆವು.

ಎದುರಿಗಿದ್ದದ್ದು ಶಿಕಾಗೊದ ಹೈಡ್ ಪಾರ್ಕಿನ ರೋಬಿ ಹೌಸ್. ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದ ಮನೆ, 1910ರದ್ದು. ನೆಲಕ್ಕೆ ಒರಗಿ ಉದ್ದಕ್ಕೆ ಮಲಗಿದ ಹಾಗಿದೆ. ಇಟ್ಟಿಗೆಗಳೂ ಉದ್ದ, ತೆಳ್ಳಗೆ. ಸೂರು ಎಷ್ಟು ಮುಂದೆ ಚಾಚಿದೆಯೆಂದರೆ ಅದರ ನೆರಳಿನಲ್ಲಿ ಕಿಟಕಿಗಳೆಲ್ಲ ಕಪ್ಪು. ಕತ್ತು ಉದ್ದ ಮಾಡಿದರೂ ಒಳಗಿನದ್ದು ಏನೂ ಕಾಣಲಿಲ್ಲ. ಇದಕ್ಕಾ ಇಷ್ಟು ದೂರ ಬಂದೆ ಅನ್ನಿಸಿತು.

ಒಳಗೂ ಮೊದಲು ಮಬ್ಬು, ಇಕ್ಕಟ್ಟು ಮೆಟ್ಟಿಲು. ಹತ್ತಿದರೆ ಉದ್ದನೆಯ ಹಾಲ್, ದಕ್ಷಿಣಕ್ಕೆ ಗಾಜಿನ ಬಾಗಿಲುಗಳ ಸಾಲು. ಇಂಥ ಕಿಟಕಿ, ಬಾಗಿಲು ಇಡೀ ಮನೆಯಲ್ಲಿ 174. ಚರ್ಚಿನ ಥರ ಕೆಂಪು, ನೀಲಿ ಚಿತ್ರ ಇರುತ್ತೆ ಅಂದುಕೊಂಡಿದ್ದೆ. ಜಾಸ್ತಿ ಪಾಲು ಬಣ್ಣವೇ ಇಲ್ಲದ ಗಾಜು! ನಡುನಡುವೆ ಶಂಕರಪೋಳಿ ಆಕಾರದ ತುಂಡುಗಳು, ಕೆಲವು ಜೇನಿನ ಬಣ್ಣದವು.

ಮೂಗು ತಾಗುವಷ್ಟು ಹತ್ತಿರ ಹೋದೆ. ಮುಟ್ಟುವ ಹಾಗಿಲ್ಲ. ಪ್ರತಿ ತುಂಡನ್ನೂ ಲೋಹದ ಸಣ್ಣ ಪಟ್ಟಿ ಹಿಡಿದಿದೆ. ಪಟ್ಟಿಯ ಎರಡೂ ಪಕ್ಕದಲ್ಲಿ ಗಾಜು ಕೂರುವಷ್ಟೇ ಸೀಳು, ಪಟ್ಟಿಗಳು ಕೂಡುವಲ್ಲಿ ಬೆಸುಗೆ. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಈ ಪಟ್ಟಿ ಸೀಸದ್ದು. ಸೀಸ ಮೆತ್ತಗೆ, ವರ್ಷ ಕಳೆದಂತೆ ಕಿಟಕಿಗೆ ಹೊಟ್ಟೆ ಬರುತ್ತದೆ. ರೈಟ್‌ಗೆ ನೇರ ಗೆರೆಯ ಹುಚ್ಚು ಅಲ್ವಾ, ಅನೇಕ ಕಡೆ ಅದಕ್ಕಿಂತ ಗಟ್ಟಿಯಾದ ಸತುವಿನ ಪಟ್ಟಿ ಹಾಕಿಸಿದರು.

ನನಗೆ ಬೀದಿ ಕಾಣಬೇಕು, ಬೀದಿಗೆ ನಾನು ಕಾಣಬಾರದು ಎನ್ನುವುದು ಮಾಲೀಕ ಫ್ರೆಡರಿಕ್ ರೋಬಿಯ ಆಸೆಯಾಗಿತ್ತು. ಹಗಲಿಗೆ ಸರಿ. ರಾತ್ರಿ ದೀಪ ಹಾಕಿದರೆ ಗಾಜಿನ ಲೆಕ್ಕವೇ ಉಲ್ಟಾ. ಪಾಪ, ಸಾಲ, ಸಂಸಾರದ ಬಿರುಕು ಎಲ್ಲ ಸೇರಿ ಆ ಮನೆಯವರು ಇಲ್ಲಿದ್ದದ್ದು ಸುಮಾರು 14 ತಿಂಗಳಷ್ಟೇ. 1957ರಲ್ಲಿ ಮನೆಯನ್ನು ಕೆಡವಲು ಹೊರಟಾಗ, 90ರ ಹತ್ತಿರ ಬಂದಿದ್ದ ರೈಟ್ ತಾವೇ ಬಂದು ವಿರೋಧಿಸಿದರು.

ಹೊರಡುವ ಮುಂಚೆ ಕೆಳಗೆ ನೋಡಿದೆ. ನಾವು ನಿಂತಿದ್ದ ಜಾಗದಲ್ಲೇ ಒಬ್ಬ ಹೆಂಗಸು, ಕತ್ತು ಉದ್ದ ಮಾಡಿಕೊಂಡು ನಿಂತಿದ್ದಳು.

"ಕೈ ಬೀಸಿ ಅತ್ತೆ."

ಬೀಸಿದೆ. ಅವಳು ಇತ್ತಲೇ ದಿಟ್ಟಿಸಿ, ವಾಚ್ ನೋಡಿಕೊಂಡಳು.